ಬೀಳಿನ ಮೇಲೆ ನೆಲಗುಬ್ಬಿಯ ಸಿಳ್ಳೆ

ಪಾಪಿನಾಯಕನಹಳ್ಳಿಯಲ್ಲಿ ನಮ್ಮ ಓಣಿ ಮುಗಿದ ಕೂಡಲೇ ಒಂದು ಬೀಳು ಭೂಮಿ ಶುರುವಾಗುತ್ತದೆ. ಒಂದು ಕಾಲಕ್ಕೆ ಅಲ್ಲಿ ಜೋಳ, ಸಜ್ಜೆ ಬಿತ್ತುತ್ತಿದ್ದರಂತೆ. ನಾನು ಕಂಡಂತೆ ಯಾರೂ ಅದನ್ನು ಉತ್ತಿಲ್ಲ. ಕೆಂಪು ಗರಸು ಮಣ್ಣು, ಅಲ್ಲಲ್ಲಿ ಜಾಲಿ, ಬಾರಿಗಿಡ, ತಂಗಡಿ. ಆಚೆ ಬದಿಗೆ ಒಂದು ಕಲ್ಲುಗುಡ್ಡ, ಅದರ ಬುಡದಲ್ಲಿ ಮಳೆಗಾಲದಲ್ಲಿ ಮಾತ್ರ ತುಂಬುವ ಒಂದು ಹೊಂಡ. ದೂರದಲ್ಲಿ ಸಂಡೂರಿನ ಬೆಟ್ಟಸಾಲು. ಊರಿನವರಿಗೆ ಅದು ಕುರಿ ಬಿಡುವ ಜಾಗ. ನನಗೆ ಅದು ಪ್ರತಿ ಭಾನುವಾರದ ಕೆಲಸ.

ನಾನು ಹೊಸಪೇಟೆಯ ಒಂದು ರಕ್ತಪರೀಕ್ಷೆಯ ಲ್ಯಾಬ್‌ನಲ್ಲಿದ್ದೇನೆ. ವಾರವಿಡೀ ಗಾಜಿನ ಪಟ್ಟಿಯ ಮೇಲೆ ಕಣಗಳನ್ನು ಎಣಿಸುವುದು. ಅದೇ ಚಾಳಿ ಭಾನುವಾರವೂ ಮುಂದುವರಿದಿದೆ ಎಂದು ಅವ್ವ ಬೈಯುತ್ತಾಳೆ. ಹುಣಸೆಮರದಿಂದ ಹೊರಟು ಹೊಂಡವನ್ನು ಬಳಸಿ ಗುಡ್ಡದ ಬುಡ ಮುಟ್ಟಿ ವಾಪಸ್ಸು. ಯಾವಾಗಲೂ ಅದೇ ದಾರಿ, ಅದೇ ನಡಿಗೆ, ಅದೇ ಹೊತ್ತು. ಕಂಡ ಹಕ್ಕಿಗೆ ನೋಟುಬುಕ್ಕಿನಲ್ಲಿ ಒಂದು ಗೆರೆ. ದನಿ ಕೇಳಿದ್ದರೆ ಗೆರೆಯ ಸುತ್ತ ಒಂದು ಸೊನ್ನೆ. ಇಷ್ಟೇ ನನ್ನ ಪದ್ಧತಿ. ಒಂದೇ ಜಾಗವನ್ನು ಒಂದೇ ರೀತಿಯಲ್ಲಿ ವರ್ಷಗಟ್ಟಲೆ ನೋಡಿದರೆ, ಯಾವುದು ಬಂತು, ಯಾವುದು ಬರಲಿಲ್ಲ ಎಂದು ಅನುಮಾನವಿಲ್ಲದೆ ಹೇಳಬಹುದು. ಅನುಮಾನವಿಲ್ಲದೆ ಹೇಳಬಲ್ಲ ಸಂಗತಿಗಳು ನನ್ನ ಬದುಕಿನಲ್ಲಿ ಹೆಚ್ಚಿಲ್ಲ.

ಅಪ್ಪ ನನ್ನ ಜೊತೆ ಸೇರಿದ್ದು ಕರಡಿಯ ಭಯಕ್ಕೆ. ಗುಡ್ಡದ ಕಡೆ ಒಬ್ಬಳೇ ಹೋಗಬಾರದು ಎಂದು ಒಂದು ಬಡಿಗೆ ಹಿಡಿದು ಹಿಂದೆ ಬಂದ. ಅವನು ವಡ್ಡು ಎಂಬ ಊರಿನ ಹತ್ತಿರದ ಒಂದು ಅದಿರು ಕ್ರಷರಿನಲ್ಲಿ ಕೆಲಸ ಮಾಡುತ್ತಾನೆ. ದೊಡ್ಡ ಅದಿರುಗಲ್ಲನ್ನು ನುಚ್ಚು ಮಾಡುವ ಯಂತ್ರದ ಪಕ್ಕ ನಿಂತು ಅವನ ಅರ್ಧ ಆಯುಷ್ಯ ಕಳೆದಿದೆ. ಆಗ ಅವನಿಗೆ ಗೊತ್ತಿದ್ದ ಹಕ್ಕಿಗಳೆಂದರೆ ಕಾಗೆ, ಗುಬ್ಬಿ, ಬೆಳವ, ನವಿಲು. ನನಗೂ ಅದಕ್ಕಿಂತ ಬಹಳ ಹೆಚ್ಚೇನೂ ಗೊತ್ತಿರಲಿಲ್ಲ. ಇಬ್ಬರೂ ಒಟ್ಟಿಗೇ ಕಲಿತೆವು. ನಾನು ಪುಸ್ತಕ ತಿರುವಿ ಹೆಸರು ಹುಡುಕುತ್ತಿದ್ದೆ, ಅವನು ಹಕ್ಕಿಯ ಮೇಲೆ ಕಣ್ಣಿಟ್ಟಿರುತ್ತಿದ್ದ, ಹಾರಿಹೋಗದ ಹಾಗೆ ಕಾಯುವವನಂತೆ.

ನೆಲಗುಬ್ಬಿಯನ್ನು ಕಂಡುಹಿಡಿದವನು ಅಪ್ಪನೇ. ಗುಬ್ಬಿಗಿಂತಲೂ ಚಿಕ್ಕ ಹಕ್ಕಿ. ಗಂಡಿನ ಬೆನ್ನು ಬೂದಿ, ಹೊಟ್ಟೆ ಕಪ್ಪು. ನೆಲದ ಮೇಲೆ ಕೂತರೆ ಮಣ್ಣಿನ ಹೆಂಟೆ. ಹತ್ತಿರ ಹೋಗಿ ಇನ್ನೇನು ಕಾಲಿಡಬೇಕು ಎನ್ನುವಾಗ ಹೆಂಟೆಗೆ ರೆಕ್ಕೆ ಬರುತ್ತದೆ. ವಸಂತದಲ್ಲಿ ಗಂಡುಹಕ್ಕಿ ಒಂದು ಆಟ ಆಡುತ್ತದೆ. ಯಾರೋ ದಾರ ಕಟ್ಟಿ ಎಳೆದಂತೆ ಮೆಟ್ಟಿಲು ಮೆಟ್ಟಿಲಾಗಿ ಮೇಲಕ್ಕೆ ಹೋಗಿ, ರೆಕ್ಕೆ ಮಡಚಿ, ಕಲ್ಲಿನಂತೆ ಬೀಳುತ್ತದೆ. ಬೀಳುವಾಗ ಒಂದು ಸಿಳ್ಳೆ. ಸೂಜಿಯ ಹಾಗೆ ಸಣ್ಣ, ಉದ್ದನೆಯ ಸಿಳ್ಳೆ. ನೆಲ ಮುಟ್ಟುವುದಕ್ಕೆ ಮೊದಲು ಸೆಟೆದು ಮತ್ತೆ ಮೇಲೇರುತ್ತದೆ.

ಮೊದಲ ಸಲ ಅದನ್ನು ಕೇಳಿದಾಗ ಅಪ್ಪ ಬಡಿಗೆ ನೆಲಕ್ಕೂರಿ ನಿಂತುಬಿಟ್ಟ. "ನಮ್ಮ ಪ್ಲಾಂಟಿನ ಸೈರನ್ನು ಇದರ ಹತ್ರ ಪಾಠ ಕಲೀಬೇಕು ನೋಡು" ಎಂದ. "ಪಾಳಿ ಬಿಡೋ ಹೊತ್ತಿಗೆ ಹಿಂಗ ಕೂಗಿದ್ರ, ಯಾರಾದ್ರೂ ಮನಿಗೆ ಹೋಗ್ತಿದ್ರಾ? ಅಲ್ಲೇ ಕುಂದರ್ತಿದ್ರು."

ಅಲ್ಲಿಂದ ಪ್ರತಿ ವರ್ಷ ಸಂಕ್ರಾಂತಿ ಮುಗಿಯುತ್ತಲೇ ಅವನು ಅದಕ್ಕಾಗಿ ಕಾಯಲು ಶುರುಮಾಡುತ್ತಿದ್ದ. ಮೊದಲ ಸಿಳ್ಳೆಯನ್ನು ಯಾವಾಗಲೂ ಅವನೇ ಕೇಳಬೇಕು. ನನಗೆ ಮೊದಲು ಕೇಳಿಸಿದರೂ ನಾನು ಸುಮ್ಮನಿರುತ್ತಿದ್ದೆ.

ಹೋದ ವರ್ಷ ಫೆಬ್ರವರಿಯಲ್ಲಿ ಕಂಪ್ಲಿಯಲ್ಲಿ ಅವ್ವನ ತಾಯಿ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಅವ್ವ ಅಂಗನವಾಡಿಯಲ್ಲಿ ಸಹಾಯಕಿ, ಅಷ್ಟು ದಿನ ರಜೆ ಸಿಗುವುದಿಲ್ಲ. ಹಾಗಾಗಿ ಲ್ಯಾಬ್‌ಗೆ ರಜೆ ಹೇಳಿ ನಾನು ಹೋದೆ. ನಾಲ್ಕು ಭಾನುವಾರಗಳು ತಪ್ಪುತ್ತಿದ್ದವು. ಅಪ್ಪ ಹೇಳಿದ, "ನಾ ಇದೀನಲ್ಲ. ರಾತ್ರಿಪಾಳಿ ಮುಗಿಸಿ ಬಂದು ಅದ ದಾರ್‍ಯಾಗ ಹೋಗಿ ಬರ್ತೀನಿ. ಫೋನ್ ಮಾಡಿ ಹೇಳ್ತೀನಿ, ನೀ ಬರಕೊ."

ಹೇಳಿದಂತೆ ಮಾಡಿದ. ಭಾನುವಾರ ಬೆಳಿಗ್ಗೆ ಫೋನ್ ಬರುತ್ತಿತ್ತು.

"ಬರಕೊ. ಕೌಜುಗ ಆರು, ಕೂಗಿದ್ವು. ನವಿಲು ಎರಡು, ಕೂಗಿದ್ವು. ಕೆಂಬೂತ ಒಂದು, ಕೂಗಿತು. ಸೂರಕ್ಕಿ ಮೂರು, ಒದರಲಿಲ್ಲ. ನೆಲಗುಬ್ಬಿ ನಾಕು. ಮ್ಯಾಲೆ ಹೋದ್ವು, ಬಿದ್ವು. ಒದರಲಿಲ್ಲ."

"ಒಂದೂ ಸಿಳ್ಳೆ ಹಾಕಲಿಲ್ಲಾ? ಗಾಳಿ ಇತ್ತೇನಪ್ಪಾ?"

"ಆತು, ಇಡ್ತೀನಿ" ಎಂದು ಇಟ್ಟುಬಿಡುತ್ತಿದ್ದ. ರಾತ್ರಿಯಿಡೀ ಕೆಲಸ ಮಾಡಿದವನು, ನಿದ್ದೆ ಎಳೆಯುತ್ತಿರಬೇಕು ಎಂದುಕೊಂಡೆ.

ಎರಡನೆಯ ಭಾನುವಾರವೂ ಅದೇ. ಮೂರನೆಯ ಭಾನುವಾರ ಅವನೇ ಕಾರಣವನ್ನೂ ಹೇಳಿದ. "ಧೂಳಿಗೆ ಗಂಟಲು ಕಟ್ಟೈತಿ ಅವಕ್ಕ. ಈ ಸಲ ಅದಿರು ಲಾರಿ ಭಾಳ ಆಗ್ಯಾವು. ಗಿಡದ ಮ್ಯಾಲೆಲ್ಲ ಕೆಂಪು ಕುಂತೈತಿ. ಮೂಕ ಆಗ್ಯಾವ ನೋಡವ್ವ, ಎಲ್ಲಾ."

ನಾನು ಅದನ್ನು ನಂಬಿದೆ. ನಂಬದಿರಲು ಕಾರಣವಿರಲಿಲ್ಲ. ಇಷ್ಟು ವರ್ಷಗಳಲ್ಲಿ ಅಪ್ಪ ಒಂದು ಹಕ್ಕಿಯನ್ನು ಹೆಚ್ಚು ಹೇಳಿದವನಲ್ಲ, ಕಡಿಮೆ ಹೇಳಿದವನಲ್ಲ. ಅನುಮಾನ ಬಂದರೆ "ಬಿಡು, ಸರಿ ಕಾಣಲಿಲ್ಲ" ಎನ್ನುವವನು. ಅಜ್ಜಿಯ ಹಾಸಿಗೆಯ ಪಕ್ಕ ಕೂತು ನಾನು ಲೆಕ್ಕ ಹಾಕುತ್ತಿದ್ದೆ. ಗಂಡು ಸಿಳ್ಳೆ ಹಾಕದಿದ್ದರೆ ಹೆಣ್ಣು ಬರುವುದಿಲ್ಲ. ಹೆಣ್ಣು ಬರದಿದ್ದರೆ ಗೂಡಿಲ್ಲ. ಹೀಗೆ ಎರಡು ಮೂರು ವಸಂತ ಕಳೆದರೆ ನಮ್ಮ ಬೀಳಿನಲ್ಲಿ ನೆಲಗುಬ್ಬಿಯೇ ಇರುವುದಿಲ್ಲ. ಹೊರಗೆ ನುಗ್ಗೆಮರದಲ್ಲಿ ಒಂದು ಸೂರಕ್ಕಿ ಎಡೆಬಿಡದೆ ಚಿರಗುಟ್ಟುತ್ತಿತ್ತು. "ಅದನ್ನೊಂದು ಓಡಸೇ, ನಿದ್ದಿ ಹತ್ತವಲ್ದು" ಎಂದು ಅಜ್ಜಿ ಗೊಣಗುತ್ತಿದ್ದಳು. ಕಂಪ್ಲಿಯ ಸೂರಕ್ಕಿ ಹಾಡುತ್ತಿದೆ, ನಮ್ಮದು ಹಾಡುತ್ತಿಲ್ಲ ಎಂದು ನಾನು ಪಕ್ಕದಲ್ಲೊಂದು ಟಿಪ್ಪಣಿ ಹಾಕಿದೆ.

ಒಂದು ಸಂಜೆ ಹೊಳೆಯ ದಂಡೆಗೆ ಹೋದಾಗ ನೀರುನಾಯಿಗಳನ್ನು ಕಂಡೆ. ಬಂಡೆಯ ಮೇಲೆ ಒಂದು ಮೀನು ಹಿಡಿದು ಕೂತಿತ್ತು, ಇನ್ನೆರಡು ನೀರಿನಲ್ಲಿ ತಲೆ ಎತ್ತಿ ನನ್ನನ್ನು ನೋಡಿದವು. ಬೇರೆ ಯಾವ ವರ್ಷವಾದರೂ ಅದು ವಾರಗಟ್ಟಲೆ ಮಾತಾಡುವಂಥ ಸಂಗತಿ. ಆ ಸಂಜೆ ಅಪ್ಪನಿಗೆ ಫೋನ್ ಮಾಡಿ ಹೇಳಿದೆ. ಅವನು "ಹೂಂ, ಹೂಂ, ಊಟ ಆತು" ಎಂದ.

ಮಾರ್ಚ್ ಮೊದಲ ವಾರ ಊರಿಗೆ ಬಂದೆ. ಭಾನುವಾರ ಇಬ್ಬರೂ ಹೊರಟೆವು. ಹೊಂಡ ಒಣಗಿ ಅದರ ನಡುವೆ ಒಂದು ಪಟ್ಟಿಯಷ್ಟು ಕೆಸರು ಉಳಿದಿತ್ತು. ಅದರ ಅಂಚಿನಲ್ಲಿ ಕುಂಡೆಕುಸ್ಕಗಳು ಬಾಲ ಕುಣಿಸುತ್ತ ಓಡಾಡುತ್ತಿದ್ದವು. ಇನ್ನು ಕೆಲವೇ ವಾರ, ಆಮೇಲೆ ಅವು ಉತ್ತರಕ್ಕೆ ಹೋಗುತ್ತವೆ. ಗುಡ್ಡದ ಬುಡದ ಮುತ್ತುಗದ ಮರ ಎಲೆಯಿಲ್ಲದೆ ಹೂವಾಗಿ ನಿಂತಿತ್ತು. ಗುಲಾಬಿ ಮೈನಾಗಳ ಹಿಂಡು ಅದರ ಮೇಲೆ ಬಿದ್ದು ಜಗಳವಾಡುತ್ತಿತ್ತು. ಬಂಡೆಗಳ ಮೇಲೆ ಓತಿಕ್ಯಾತಗಳು ಬೆನ್ನು ಕೆಂಪಾಗಿಸಿಕೊಂಡು ತಲೆ ಆಡಿಸುತ್ತಿದ್ದವು. ಅಪ್ಪ ಮುಂದೆ, ನಾನು ಹಿಂದೆ. ಗಾಳಿ ಇರಲಿಲ್ಲ. ಲಾರಿಗಳ ಸದ್ದೂ ದೂರ.

ನಮ್ಮ ಎದುರಿಗೇ, ಮೂರು ಮಾರು ಆಚೆ, ಒಂದು ಹೆಂಟೆ ಎದ್ದಿತು. ಮೆಟ್ಟಿಲು ಮೆಟ್ಟಿಲಾಗಿ ಮೇಲೆ ಹೋಯಿತು. ರೆಕ್ಕೆ ಮಡಚಿತು. ಅಪ್ಪ ಬಡಿಗೆ ಎತ್ತಿ ತೋರಿಸುತ್ತ ಹೇಳಿದ:

"ನೋಡು. ಹೇಳಿದ್ದೆನಲ್ಲ. ಬಾಯಿನ ಬಿಡಂಗಿಲ್ಲ ಅದು."

ಅವನ ಮಾತಿನ ಕೆಳಗೆ ಸಿಳ್ಳೆ ಮೇಲಿನಿಂದ ಕೆಳಗಿನವರೆಗೆ ಪೂರ್ತಿಯಾಗಿ ಹರಿದುಹೋಯಿತು. ಹಿಂದಿನ ವರ್ಷದಂತೆಯೇ. ಅದರ ಹಿಂದಿನ ವರ್ಷದಂತೆಯೇ.

ನನ್ನ ಕೈ ತನ್ನ ರೂಢಿಯಂತೆ ಗೆರೆ ಎಳೆದು ಸುತ್ತ ಸೊನ್ನೆ ಹಾಕಿತು. ಅಪ್ಪ ಅದನ್ನು ನೋಡಿದ.

"ಸೊನ್ನಿ ಯಾಕ ಹಾಕಿದಿ?"

ನಾನು ಪೆನ್ನನ್ನು ಸೊನ್ನೆಯ ಮೇಲೆಯೇ ಹಿಡಿದಿದ್ದೆ.

"ಒದರಲಿಲ್ಲಲ್ಲ ಅದು. ತಪ್ಪು ಬರದೀ."

"ಒದರಿತಪ್ಪಾ."

"ಯಾವಾಗ?"

"ಈಗ. ನೀ ಮಾತಾಡಾಗ."

ಅವನು ಹಕ್ಕಿಯ ಕಡೆ ತಿರುಗಿದ. ಅದು ಮತ್ತೆ ಮೇಲೇರುತ್ತಿತ್ತು. ಅದು ರೆಕ್ಕೆ ಮಡಚುವ ಹೊತ್ತಿಗೆ ಅಪ್ಪ ಅದನ್ನು ಬಿಟ್ಟು ನನ್ನ ಮುಖ ನೋಡತೊಡಗಿದ. ಸಿಳ್ಳೆ ಶುರುವಾಯಿತು, ಇಳಿಯಿತು, ನಿಂತಿತು. ನನ್ನ ಮುಖದಲ್ಲಿ ಅವನಿಗೆ ಏನು ಕಂಡಿತೋ. ನಾನು ಕಣ್ಣು ಕೆಳಗೆ ಹಾಕಿದೆ. ಅವನು ಪಕ್ಕದ ಬಂಡೆಯ ಮೇಲೆ ಕೂತ. ಸ್ವಲ್ಪ ಹೊತ್ತಾದ ಮೇಲೆ ಎದ್ದು, ಗುಡ್ಡದ ಬುಡ ಮುಟ್ಟದೆ, ಊರಿನ ಕಡೆ ನಡೆದ. ಆ ದಿನದ ಎಣಿಕೆ ಅಲ್ಲಿಗೇ ನಿಂತಿದೆ.

ಯಾರಿಗೂ ಯಾಕೆ ಗೊತ್ತಾಗಲಿಲ್ಲ ಎಂದು ಆಮೇಲೆ ಬಹಳ ಯೋಚಿಸಿದೆ. ನಮ್ಮ ಓಣಿಯಲ್ಲಿ ಹೆಚ್ಚಿನ ಗಂಡಸರು ಕ್ರಷರಿಗೋ, ಕಾರ್ಖಾನೆಗೋ, ಲಾರಿಗೋ ಹೋಗುವವರು. ದಿನವಿಡೀ ಸದ್ದಿನಲ್ಲಿದ್ದು ಬಂದವರು ಮನೆಯಲ್ಲೂ ಕೂಗಿಯೇ ಮಾತಾಡುತ್ತಾರೆ. ಅವರ ಹೆಂಡಂದಿರೂ ಕೂಗಿಯೇ ಉತ್ತರ ಕೊಡುತ್ತಾರೆ. ಉಪ್ಪು ಕೇಳುವುದಕ್ಕೂ ಒದರುವ ಓಣಿಯಲ್ಲಿ ಒಬ್ಬನಿಗೆ ಕಿವಿ ಕಡಿಮೆಯಾದರೆ ಯಾರಿಗೆ ತಿಳಿಯಬೇಕು? ಹೊಸಪೇಟೆಯಿಂದ ಬಂದ ನೆಂಟರು "ಏನ್ರಿ ಇದು, ಜಗಳ ನಡದೈತೇನ್ರಿ?" ಎಂದು ಕೇಳಿದಾಗ ನಾವು ನಗುತ್ತಿದ್ದೆವು.

ಅವ್ವನಂತೂ ಒಪ್ಪಲೇ ಇಲ್ಲ. "ಕಿವಿ ಕೇಳಂಗಿಲ್ಲಾ? ಯಾರಿಗೆ, ನಿಮ್ಮಪ್ಪಗ? ಬೇಕಾದ್ದೆಲ್ಲ ಕೇಳತೈತಿ. ರೇಷನ್ ತರಬೇಕಂದ್ರ ಮಾತ್ರ ಕೇಳಂಗಿಲ್ಲ. ಮದುವಿ ಆದಾಗಿಂದ ಹಂಗ."

ಅಪ್ಪ ಅವಳ ಬಾಯನ್ನೇ ನೋಡುತ್ತಿದ್ದ. ಅವನು ಮಾತಾಡುವವರ ಬಾಯನ್ನು ನೋಡುತ್ತಾನೆ ಎಂಬುದು ನನಗೆ ಅವತ್ತೇ ಕಂಡದ್ದು. "ಕಿವಿ ಚಲೋ ಅದಾವು ನನ್ನವು" ಎಂದು ಎದ್ದುಹೋದ.

ಮುಂದಿನ ಎರಡು ಭಾನುವಾರ ನಾನೊಬ್ಬಳೇ ಹೋದೆ. ಅಪ್ಪ ಮಲಗಿದ್ದ, ಅಥವಾ ಮಲಗಿದಂತೆ ಇದ್ದ. ಆ ದಿನಗಳಲ್ಲಿ ನಮ್ಮ ಬೀಳು ಇಷ್ಟು ಗದ್ದಲದ ಜಾಗವೇ ಎಂದು ನನಗೇ ಆಶ್ಚರ್ಯವಾಯಿತು. ಜಾಲಿಯಲ್ಲಿ ಸಿಂಪಿಗ, ತಂಗಡಿಯಲ್ಲಿ ಉಲಿಯಕ್ಕಿ, ಬಾರಿಗಿಡದಲ್ಲಿ ಸೂರಕ್ಕಿ. ಎಲ್ಲವೂ ಸಣ್ಣ ದನಿಗಳು. ಪ್ರತಿ ದನಿಯ ಮುಂದೆಯೂ ನಿಂತು, ಇದು ಅವನಿಗೆ ಕೇಳುವುದೋ ಇಲ್ಲವೋ ಎಂದು ನನ್ನಷ್ಟಕ್ಕೆ ಬೇರೆ ಮಾಡುತ್ತಿದ್ದೆ. ಕೌಜುಗ, ನವಿಲು, ಬೆಳವ, ಕೆಂಬೂತ, ಕಾಗೆ ಅವನ ಕಡೆ. ಉಳಿದವೆಲ್ಲ ನನ್ನ ಕಡೆ. ದಪ್ಪ ದನಿಗಳೆಲ್ಲ ಅವನಿಗೆ ಉಳಿದಿದ್ದವು, ಸಣ್ಣವು ಹೋಗಿದ್ದವು. ಯಾವಾಗ ಹೋದವು ಎಂದು ಹೇಳಲು ನನ್ನ ಬಳಿ ಏನೂ ಇರಲಿಲ್ಲ. ನಾನು ಹಕ್ಕಿಗಳನ್ನು ಮಾತ್ರ ಎಣಿಸಿದ್ದೆ.

ಮೂರನೆಯ ವಾರ ಒಂದು ಸಂಜೆ ಅಪ್ಪ ಪಾಳಿ ಮುಗಿಸಿ ಬಂದು ಕೈಕಾಲು ತೊಳೆದು ನನ್ನ ಎದುರಿಗೆ ಕೂತ.

"ಫೆಬ್ರವರಿದು ಹಂಗ ಐತೇನು? ಬರದದ್ದು?"

"ಹಂಗ ಐತಿ. ಹೊಡದ ಹಾಕ್ಲಾ?"

"ಬ್ಯಾಡ. ಹಕ್ಕಿ ಇದ್ದದ್ದು ಖರೇನ ಐತಿ. ಮ್ಯಾಲೆ ಹೋಗಿದ್ದು ಖರೆ, ಬಿದ್ದದ್ದು ಖರೆ. ಒದರಲಿಲ್ಲ ಅಂತ ಬರದೀಯಲ್ಲ, ಅದನ್ನಷ್ಟ 'ಅಪ್ಪಗ ಕೇಳಲಿಲ್ಲ' ಅಂತ ಮಾಡು."

ನಾನು ಅವನೆದುರಿಗೇ ತಿದ್ದಿದೆ. ಅವನು ಕೊನೆಯ ಸಾಲಿನವರೆಗೂ ನೋಡಿ, ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡ. "ದವಾಖಾನಿಗೆ ಯಾವತ್ತು ಹೋಗೂಣು?" ಎಂದ.

ಹೊಸಪೇಟೆಯಲ್ಲಿ ಕಿವಿಯ ಡಾಕ್ಟರರ ಬಳಿ ದಪ್ಪ ಬಾಗಿಲಿನ ಒಂದು ಪುಟ್ಟ ಕೋಣೆ ಇತ್ತು. ಅಪ್ಪನನ್ನು ಒಳಗೆ ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಕೈಗೊಂದು ಗುಂಡಿ ಕೊಟ್ಟರು. ಸದ್ದು ಕೇಳಿದಾಗಲೆಲ್ಲ ಒತ್ತಬೇಕು. ನಾನು ಗಾಜಿನ ಈಚೆ ನಿಂತಿದ್ದೆ. ಮೊದಮೊದಲು ಅವನ ಹೆಬ್ಬೆರಳು ಸರಸರ ಒತ್ತುತ್ತಿತ್ತು. ಆಮೇಲೆ ನಿಧಾನವಾಯಿತು. ಆಮೇಲೆ ಸುಮ್ಮನೆ ಗುಂಡಿಯ ಮೇಲೆ ಕೂತಿತ್ತು. ಪರೀಕ್ಷೆ ಮಾಡುವವರ ಬೆರಳು ಮಾತ್ರ ಆಡುತ್ತಲೇ ಇತ್ತು. ಅಪ್ಪ ತಲೆ ವಾಲಿಸಿ, ಕಣ್ಣು ಮುಚ್ಚಿ, ಬರುವ ಬಸ್ಸಿಗೆ ಕಾಯುವವನಂತೆ ಕಾಯುತ್ತಿದ್ದ.

ಡಾಕ್ಟರರು ಕಾಗದದ ಮೇಲಿನ ಗೆರೆ ತೋರಿಸಿದರು. ಸ್ವಲ್ಪ ದೂರ ಸಮನಾಗಿ ಹೋಗಿ ಒಮ್ಮೆಲೇ ಕೆಳಕ್ಕೆ ಬಿದ್ದ ಗೆರೆ. "ಕೆಲಸದಾಗ ಕಿವಿಗೆ ಹಾಕ್ಕೊಳ್ಳಾಕ ಕೊಟ್ಟಿದ್ದಿಲ್ಲೇನ್ರಿ?" ಎಂದು ಕೇಳಿದರು.

"ಕೊಟ್ಟಾರ್‍ರಿ. ಹಾಕ್ಕೊಂಡ್ರ ಬೇರಿಂಗಿನ ಸದ್ದು ತಿಳಿಯಂಗಿಲ್ರಿ. ಬೇರಿಂಗ್ ಕೆಡಾಕ ಹತ್ತಿದ್ರ ಮೊದಲು ಕಿವಿಗೇ ಗೊತ್ತಾಗಾದು. ತಡ ಆದ್ರ ಬೆಲ್ಟ ನಿಲ್ತೈತ್ರಿ. ಅದಕ್ಕ ತಗದಿಡ್ತಿದ್ದೆ."

ಅದರಲ್ಲಿ ಪಶ್ಚಾತ್ತಾಪವೇನೂ ಇರಲಿಲ್ಲ. ಯಂತ್ರ ನಿಲ್ಲದಂತೆ ನೋಡಿಕೊಳ್ಳುವುದು ಅವನ ಕೆಲಸವಾಗಿತ್ತು, ಅದನ್ನು ಮಾಡಿದ್ದ. ಡಾಕ್ಟರರು ಕಿವಿಗೆ ಹಾಕುವ ಯಂತ್ರದ ಬಗ್ಗೆ ಹೇಳತೊಡಗಿದರು. ಮನೆಯವರ ಮಾತು ತಿಳಿಯುತ್ತದೆ, ಫೋನ್ ತಿಳಿಯುತ್ತದೆ, ರಸ್ತೆಯಲ್ಲಿ ಹಿಂದಿನ ಗಾಡಿ ತಿಳಿಯುತ್ತದೆ. ಅಪ್ಪ ಎಲ್ಲವನ್ನೂ ಕೇಳಿಸಿಕೊಂಡು ಒಂದೇ ಮಾತು ಕೇಳಿದ.

"ನೆಲಗುಬ್ಬಿ ತಿಳಿತೈತೇನ್ರಿ?"

ಡಾಕ್ಟರರು ನನ್ನ ಕಡೆ ನೋಡಿದರು. ನಾನು ಅದೊಂದು ಹಕ್ಕಿ, ಬಹಳ ಸಣ್ಣ ಸಿಳ್ಳೆ ಎಂದೆ. ಅವರು ಮತ್ತೆ ಕಾಗದ ನೋಡಿ, ಪೆನ್ನು ಕೆಳಗಿಟ್ಟು ಹೇಳಿದರು. "ಯಜಮಾನ್ರೇ, ಮಷಿನ್ ಇದ್ದದ್ದನ್ನ ದೊಡ್ಡದು ಮಾಡತೈತ್ರಿ. ಇಲ್ಲದ್ದನ್ನ ಹುಟ್ಟಸಂಗಿಲ್ಲ. ಅಂಥ ಸದ್ದು ಹಿಡಿಯೋ ನರ ಭಾಳ ಸೊರಗ್ಯಾವು. ಆದ್ರೂ ಒಬ್ಬೊಬ್ಬರಿಗೆ ಒಂದೊಂದು ಥರ. ಕೆಲವು ದಿನ ಹಾಕ್ಕೊಂಡು ನೋಡ್ರಿ. ಆಮ್ಯಾಲೆ ಹೇಳ್ರಿ."

ಬಸ್ಸಿನಲ್ಲಿ ಬರುವಾಗ ಅಪ್ಪ ಕಿಟಕಿಯ ಕಡೆ ಕೂತಿದ್ದ. ಇಳಿಯುವಾಗ "ಒಬ್ಬೊಬ್ಬರಿಗೆ ಒಂದೊಂದು ಥರ ಅಂದ್ರಲ್ಲ" ಎಂದ.

ಮನೆಯಲ್ಲಿ ಯಂತ್ರವನ್ನು ಕಿವಿಗೆ ಸಿಕ್ಕಿಸಿ ಕೂತಾಗ ಅವ್ವ ಒಳಗಿನಿಂದ ಎಂದಿನಂತೆ "ಚಾ ಮಾಡ್ಲೇನ್ರೀ" ಎಂದು ಕೂಗಿದಳು. ಅಪ್ಪ ಬೆಚ್ಚಿಬಿದ್ದು ಎರಡೂ ಕೈಗಳಿಂದ ಕಿವಿ ಮುಚ್ಚಿಕೊಂಡ.

"ಇಷ್ಟು ಜೋರು ಮಾತಾಡ್ತೀಯೇನ ನೀನು?"

"ಹೂಂನ್ರಿ. ಇಷ್ಟು ವರ್ಷ ಹಿಂಗ ಒದರೀನಿ. ಈಗ ಮುಟ್ಟಿತೇನು?" ಎಂದು ಅವ್ವ ಬಾಗಿಲಿಗೆ ಬಂದು ನಿಂತಳು. ಆಮೇಲೆ ಅವಳ ದನಿ ಇಳಿಯಿತು. ಅಷ್ಟು ಮೆತ್ತಗೆ ಅವಳು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. "ಚಾ ಮಾಡ್ಲೇನು ಅಂದೆ."

"ಮಾಡು" ಎಂದ ಅಪ್ಪ, ಅವಳಷ್ಟೇ ಮೆತ್ತಗೆ.

ಯುಗಾದಿಯ ಮರುದಿನ ಅಪ್ಪನಿಗೆ ರಜೆ. ಬೆಳಕು ಹರಿಯುತ್ತಲೇ ಬೀಳಿಗೆ ಹೋದೆವು. ಹುಣಸೆಮರ ದಾಟಿದ ಕೂಡಲೇ ಅವನು ನಿಂತ.

"ಇದೇನು ಸಪ್ಪಳ? ಕರಕರ ಅಂತೈತಿ."

"ನಿನ್ನ ಚಪ್ಪಲಿ, ಅಪ್ಪಾ. ಗರಸಿನ ಮ್ಯಾಲೆ."

ಅವನು ನಾಲ್ಕು ಹೆಜ್ಜೆ ಮುಂದೆ ಇಟ್ಟು, ನಾಲ್ಕು ಹೆಜ್ಜೆ ಹಿಂದೆ ಇಟ್ಟು ಕೇಳಿದ. ಒಣಹುಲ್ಲಿನಲ್ಲಿ ಏನೋ ಸರಿದದ್ದು ಅವನಿಗೆ ನನಗಿಂತ ಮೊದಲು ಕೇಳಿತು. ಹಾವುರಾಣಿ. ಹೊಂಡದ ಬಳಿ ಟಿಟ್ಟಿಭ ನಮ್ಮನ್ನು ಕಂಡು ಕಿರುಚಿದಾಗ ಮುಖ ಹಿಂಡಿ ನಕ್ಕ. ಕುಂಡೆಕುಸ್ಕಗಳು ಹೋಗಿಯಾಗಿತ್ತು. ಮುತ್ತುಗದ ಹೂವೂ ಉದುರಿ ಮರ ಚಿಗುರಿತ್ತು. ಸಿಂಪಿಗ ಕೂಗಿದಾಗ ಅವನು ಕೈ ಎತ್ತಿದ. "ಐತಿ" ಎಂದ. "ದೂರ ಐತಿ, ಆದ್ರ ಐತಿ." ಅವನು ಬಲು ಬೇಗ ನಡೆಯತೊಡಗಿದ. ನನಗೆ ಭಯವಾಗತೊಡಗಿತು.

ಗುಡ್ಡದ ಕಡೆಯ ಬಯಲಿಗೆ ಬರುವಷ್ಟರಲ್ಲಿ ಗಾಳಿ ಎದ್ದಿತು. ಯಂತ್ರಕ್ಕೆ ಗಾಳಿ ಹೊಡೆದರೆ ಭೋರ್ಗರೆಯುತ್ತದೆಯಂತೆ. ಅಪ್ಪ ಗಾಳಿಗೆ ಬೆನ್ನು ಕೊಟ್ಟು, ಬಂಡೆಯ ಮರೆಗೆ ಕೂತ. ನಾನು ಪಕ್ಕದಲ್ಲಿ ಕೂತೆ. ಕಾದೆವು. ಗಾಳಿ ಬಿದ್ದಿತು. ಆಮೇಲೆ ಎಡಗಡೆ, ಹತ್ತಿರವೇ, ಒಂದು ನೆಲಗುಬ್ಬಿ ಎದ್ದಿತು.

ಅದು ಬಿದ್ದಿತು. ಅಪ್ಪ ಅಲುಗಲಿಲ್ಲ. ಮತ್ತೆ ಎದ್ದಿತು, ಬಿದ್ದಿತು. ಅವನು ಬೆರಳಿನಿಂದ ಯಂತ್ರವನ್ನು ಇನ್ನೂ ಒಳಗೆ ಒತ್ತಿದ. ಬಾಯಿ ಸ್ವಲ್ಪ ತೆರೆದಿತ್ತು. ಮೂರನೆಯ ಸಲವೂ ಹಾಗೇ ಕೂತಿದ್ದ. ನಾಲ್ಕನೆಯ ಸಲ ಬಿದ್ದ ಹಕ್ಕಿ ನೆಲಕ್ಕೇ ಇಳಿದು ಹೆಂಟೆಯಾಯಿತು. ಅಪ್ಪ ಯಂತ್ರವನ್ನು ಕಿವಿಯಿಂದ ತೆಗೆದು, ಟವೆಲಿನ ತುದಿಯಲ್ಲಿ ಒರೆಸಿ, ಅದರ ಡಬ್ಬಿಯಲ್ಲಿ ಜೋಪಾನವಾಗಿ ಇಟ್ಟು ಮುಚ್ಚಿದ.

"ಒದರಿತೇನು?"

"ಹೂಂ."

"ನಾಕೂ ಸಲ?"

"ನಾಕೂ ಸಲ."

"ಹಂಗಾದ್ರ ಚಲೋ ಆತು" ಎಂದ. ಡಬ್ಬಿಯನ್ನು ಜೇಬಿಗಿಟ್ಟು, "ಧೂಳು ಗೀಳು ಏನಿಲ್ಲ ಹಂಗಾರ ಅವಕ್ಕ. ಆರಾಮ ಅದಾವು" ಎಂದ.

ನಾನು ಏನಾದರೂ ಹೇಳಬೇಕಿತ್ತು. ಆದರೆ ಅವನಿಗೆ ಕೇಳಬೇಕಾದರೆ ಒದರಬೇಕಿತ್ತು, ಆ ಜಾಗದಲ್ಲಿ ಒದರಲು ಮನಸ್ಸಿರಲಿಲ್ಲ.

ಅಪ್ಪನೇ ಕೈ ಎತ್ತಿದ. ಕ್ರಷರಿನ ಬೆಲ್ಟಿನ ಬಳಿ ಯಾರೂ ಬಾಯಲ್ಲಿ ಮಾತಾಡುವುದಿಲ್ಲವಂತೆ, ಮಾತಾಡಿದರೂ ಕೇಳುವುದಿಲ್ಲ. ಎಲ್ಲಾ ಕೈಯಲ್ಲೇ. ಮುಷ್ಟಿ ಹಿಡಿದರೆ ನಿಲ್ಲಿಸು. ಅಂಗೈ ಬಿಚ್ಚಿದರೆ ಬಿಡು, ಶುರುಮಾಡು. ಅಂಗೈ ಮಲಗಿಸಿ ಇಳಿಸಿದರೆ ಸಾವಕಾಶ ಕಡಿಮೆ ಮಾಡು. ಅದನ್ನೆಲ್ಲ ನನಗೆ ಒಂದೊಂದಾಗಿ ಮಾಡಿ ತೋರಿಸಿದ. ಮನೆಯಲ್ಲಿ ಅವನು ಅದನ್ನು ಯಾವತ್ತೂ ಮಾಡಿದ್ದಿಲ್ಲ. "ಸಿಳ್ಳಿ ಎಲ್ಲಿ ಶುರು ಆಗತೈತಿ, ಅಲ್ಲಿ ಬಿಚ್ಚು" ಎಂದ. "ಹೆಂಗ ಇಳಿತೈತಿ, ಹಂಗ ಇಳಸು. ಮುಗಿದಾಗ ಮುಷ್ಟಿ ಹಿಡಿ."

ಬಲಗಡೆ, ಬೀಳಿನ ಆಚೆ ತುದಿಯಲ್ಲಿ, ಬಹಳ ದೂರದಲ್ಲಿ ಇನ್ನೊಂದು ಎದ್ದಿತು. ಅಷ್ಟು ದೂರದಿಂದ ಅದು ಒಂದು ಚುಕ್ಕೆ. ಅಪ್ಪನ ಕಣ್ಣು ಅದನ್ನು ನನಗಿಂತ ಮೊದಲೇ ಹಿಡಿದಿತ್ತು. ಅವನೂ ಅಂಗೈ ಎತ್ತಿದ, ನಾನೂ ಎತ್ತಿದೆ. ಚುಕ್ಕೆ ಬಿದ್ದಿತು. ಅವನ ಕೈ ಅದರ ಜೊತೆಗೇ ಇಳಿಯಿತು, ಅದು ಸೆಟೆದು ಮೇಲೆದ್ದಾಗ ಮುಷ್ಟಿಯಾಯಿತು. ಸಿಳ್ಳೆ ಅಷ್ಟು ದೂರದಿಂದ ಬರಲು ಸ್ವಲ್ಪ ಹಿಂದೆ ಬೀಳುತ್ತದೆ. ನನ್ನ ಅಂಗೈ ಇನ್ನೂ ಬಿಚ್ಚಿಯೇ ಇತ್ತು, ಇನ್ನೂ ಇಳಿಯುತ್ತಿತ್ತು.

ಅಪ್ಪ ತನ್ನ ಮುಷ್ಟಿ ನೋಡಿದ, ನನ್ನ ಕೈ ನೋಡಿದ.

"ಇನ್ನೂ ಐತೇನು?"

ನಾನು ತಲೆಯಾಡಿಸಿದೆ. ಅವನು ಮುಷ್ಟಿ ಬಿಚ್ಚಿ, ತನ್ನ ಅಂಗೈಯನ್ನು ನನ್ನ ಅಂಗೈಯ ಪಕ್ಕಕ್ಕೆ ತಂದು, ನಾನು ಮುಷ್ಟಿ ಹಿಡಿಯುವವರೆಗೆ ಅದರ ಜೊತೆ ಇಳಿಸಿದ.